ಮುಖ ನೋಡಿ ಬರೆಯುತ್ತಿದ್ದವರು

ಅವರಿಗೆ ಹೊಸ ಮೊಬೈಲ್ ಹಿಡಿಯಲು ಬರಲಿಲ್ಲ, ಅದಕ್ಕೇ ಕೆಲಸ ಕಳೆದುಕೊಂಡರು ಎಂದು ಹೇಳುವವರು ಬೀದರದಲ್ಲಿ ಈಗಲೂ ಇದ್ದಾರೆ. ಹೇಳುವಾಗ ಸಣ್ಣಗೆ ನಗುತ್ತಾರೆ ಬೇರೆ. ಹೋದವರ ವಿಷಯ, ಈಗೇಕೆ ಜಗಳ ಎಂದು ನಾನು ಬಹಳ ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ಗಾಂಧಿ ಗಂಜದ ಬಳಿ ಚಹಾ ಕುಡಿಯುತ್ತ ನಿಂತಾಗ ಒಬ್ಬ ಪತ್ರಕರ್ತ ಮಹಾಶಯ ಅದೇ ಮಾತು, ಅದೇ ನಗು ತೆಗೆದ. ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ.

ಅವರು ಔರಾದ ತಾಲ್ಲೂಕಿನ ವರದಿಗಾರರು. ನಾನು ಅದೇ ಪತ್ರಿಕೆಯ ಬೀದರ ಕಚೇರಿಯಲ್ಲಿ ಉಪಸಂಪಾದಕಿ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರ ಹೆಸರನ್ನಾದರೂ ಅಚ್ಚು ಮಾಡುವ ಮೊದಲು ಅವರನ್ನು ಒಂದು ಮಾತು ಕೇಳಬೇಕು ಎಂದು ನನಗೆ ಕಲಿಸಿದವರೇ ಅವರು. ಈಗ ಕೇಳೋಣವೆಂದರೆ ಅವರಿಲ್ಲ. ತಾಲ್ಲೂಕಿನ ತುಂಬ ಜನ ಅವರನ್ನು ‘ಪೇಪರ್ ಕಾಕಾ’ ಎನ್ನುತ್ತಿದ್ದರು. ಸಂತಪುರದ ಬಸ್ ನಿಲ್ದಾಣದಲ್ಲಿ ಅವರು ಇಳಿದರೆ ಸಾಕು, ಯಾರಾದರೊಬ್ಬರು ಕೈ ಹಿಡಿದು ಪಕ್ಕಕ್ಕೆ ಕರೆದೊಯ್ಯುತ್ತಿದ್ದರು.

ಎತ್ತರದ ಆಳು. ಎಷ್ಟು ಎತ್ತರವೆಂದರೆ ಬಸ್ಸಿನಲ್ಲಿ ನಿಂತರೆ ತಲೆ ಬಗ್ಗಿಸಿಯೇ ನಿಲ್ಲಬೇಕು. ಬಿಳಿ ಅಂಗಿ, ಹೆಗಲ ಮೇಲೊಂದು ಶಲ್ಯ. ಬೀದರದ ಹಳೆಯ ಮೆಥೋಡಿಸ್ಟ್ ಮನೆತನ. ಹೆಂಡತಿ ನರ್ಸ್ ಆಗಿ ನಿವೃತ್ತರಾದವರು. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿಯುವವರೆಗೆ ಭೂಮಿ ಬಾಯಿ ಬಿಟ್ಟರೂ ಫೋನ್ ಎತ್ತುತ್ತಿರಲಿಲ್ಲ. ಮುಗಿದ ಮೇಲೆ, ನಾನು ಊಟಕ್ಕೆ ಕೂತ ಹೊತ್ತನ್ನೇ ಹುಡುಕಿ ಫೋನ್ ಮಾಡುತ್ತಿದ್ದರು. ‘ಏನ್ ಉಣ್ಣಾಕತ್ತೀಯೇನು? ಉಣ್ಣು ಉಣ್ಣು, ನೀ ಉಣಕೋತ ಕೇಳು’ ಎಂದು ಶುರು ಮಾಡಿದರೆ ನನ್ನ ರೊಟ್ಟಿ ಒಣಗಿ ಕಟಿ ಆಗುವವರೆಗೆ ಬಿಡುತ್ತಿರಲಿಲ್ಲ. ನಾನು ಭಾಲ್ಕಿಯವಳು ಎಂಬುದು ಅವರಿಗೆ ದಿನವೂ ಒಂದು ತಮಾಷೆ. ‘ನಿಮ್ಮ ಭಾಲ್ಕಿ ಮಂದಿ ಹೇಳೋದ ಒಂದು, ಬರಿಯೋದ ಒಂದು. ನಮ್ಮ ಔರಾದದವರು ಹಂಗಲ್ಲ, ಹೇಳೋದೇ ಇಲ್ಲ!’ ಎನ್ನುತ್ತಿದ್ದರು. ಹೇಳದ ಆ ಜನರ ಬಾಯಿಂದ ಅವರು ಮಾತ್ರ ಹೇಗೋ ಎಲ್ಲವನ್ನೂ ಹೇಳಿಸುತ್ತಿದ್ದರು.

ಅದರ ಗುಟ್ಟು ಅವರ ಮೊಬೈಲಿನಲ್ಲಿತ್ತು. ಕೆಳಗರ್ಧ ಪುಟ್ಟ ಪುಟ್ಟ ಬಟನ್‌ಗಳು, ಮೇಲರ್ಧ ಬೆಂಕಿಪೊಟ್ಟಣದಷ್ಟು ಪರದೆ. ಒಂದು ಕಾಲಕ್ಕೆ ದೊಡ್ಡ ದೊಡ್ಡ ಸಾಹೇಬರು ಹಿಡಿದು ಮೆರೆದ ಮಾದರಿ. ಸಾಹೇಬರೆಲ್ಲ ಅದನ್ನು ಬಿಟ್ಟು ಎಷ್ಟೋ ವರ್ಷವಾದ ಮೇಲೂ ಇವರ ಕೈಯಲ್ಲಿ ಉಳಿದಿತ್ತು. ಬಟನ್ ಮೇಲಿನ ಅಕ್ಷರಗಳೆಲ್ಲ ಸವೆದು ಹೋಗಿದ್ದವು. ಅಳಿಸುವ ಬಟನ್ ಮಾತ್ರ ಗೊತ್ತಾಗಬೇಕೆಂದು ಹೆಂಡತಿ ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿಯ ಚೂರೊಂದನ್ನು ಕತ್ತರಿಸಿ ಅಂಟಿಸಿದ್ದರು. ಅದರಲ್ಲಿ ಕನ್ನಡ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತಿ ಮೇಲ್ ಮಾಡುತ್ತಿದ್ದರು, ನಾನು ಕೂತು ಅದನ್ನು ಕನ್ನಡ ಅಕ್ಷರಕ್ಕೆ ಇಳಿಸುತ್ತಿದ್ದೆ. ಬೈದುಕೊಂಡೇ ಇಳಿಸುತ್ತಿದ್ದೆ ಅನ್ನಿ. ಆದರೆ ಜಿಲ್ಲೆಯ ಬೇರೆ ಯಾವ ವರದಿಯಲ್ಲೂ ಜನ ಅಷ್ಟು ಜನರ ಹಾಗೆ ಮಾತಾಡುತ್ತಿರಲಿಲ್ಲ.

ಅವರು ಬರೆಯುವುದನ್ನು ನಾನು ಮೊದಲು ನೋಡಿದ್ದು ಔರಾದಿನ ಒಂದು ಸಭೆಯಲ್ಲಿ. ಉಳಿದ ವರದಿಗಾರರೆಲ್ಲ ತಲೆ ಕೆಳಗೆ ಹಾಕಿ ಗೀಚುತ್ತಿದ್ದರೆ ಇವರು ಭಾಷಣಕಾರರ ಮುಖವನ್ನೇ ನೋಡುತ್ತ, ತಲೆ ಆಡಿಸುತ್ತ ಕೂತಿದ್ದರು. ಇಷ್ಟು ಸೋಮಾರಿ ಮನುಷ್ಯನೇ ಎಂದುಕೊಂಡೆ. ಆಮೇಲೆ ನೋಡಿದರೆ ಮಡಿಲ ಮೇಲಿನ ಶಲ್ಯದ ಅಡಿಯಲ್ಲಿ ಎರಡು ಹೆಬ್ಬೆರಳು ಅವರೆಕಾಯಿ ಸುಲಿಯುವ ಹಾಗೆ ಓಡಾಡುತ್ತಿದ್ದವು. ಮರುದಿನ ಆ ಮುಖಂಡರು ಪತ್ರಿಕೆ ಹಿಡಿದುಕೊಂಡು ಬಂದು ಕೂಗಾಡಿದರು: ‘ನೀವು ಬರಕೊಂಡೇ ಇಲ್ಲಲ್ರಿ! ಬರೋಬ್ಬರಿ ಹ್ಯಾಂಗ ಬಂತಿದು?’

‘ನಾ ನಿಮ್ಮ ಮಾರಿ ನೋಡ್ಲಿಕತ್ತಿದ್ದೆರಿ. ಬೆರಳು ತಮ್ಮ ಕೆಲಸ ತಾವು ಮಾಡಕೊಂಡಾವ’ ಎಂದರು ಇವರು, ತಣ್ಣಗೆ.

ಹೇಳುವವರ ಮುಖದಿಂದ ಕಣ್ಣು ತೆಗೆಯಬಾರದು ಎಂಬುದು ಅವರ ನೇಮ. ‘ನೀ ತಲಿ ಬಗ್ಗಿಸಿ ಬರೀಲಿಕ್ಕ ಹತ್ತಿದಿ ಅಂದ್ರ ಎದುರಿಗಿನವರು ಪೊಲೀಸ್ ಠಾಣಾದಾಗ ಕುಂತಂಗ ಮಾಡ್ತಾರ ತಂಗಿ. ಮಾರಿ ನೋಡು. ಹೇಳಬೇಕು ಅಂತ ಬಂದವರು, ಹೇಳ್ತಾರ’ ಎನ್ನುತ್ತಿದ್ದರು. ಇನ್ನೊಂದು ನೇಮವೂ ಇತ್ತು. ಹೆಸರು ಬೇಡ ಎಂದವರ ಹೆಸರನ್ನೂ ಮೊದಲು ಬರೆದೇ ಬಿಡುತ್ತಿದ್ದರು. ಹೆಸರಿಲ್ಲದೆ ಬರೆದರೆ ಬರೆಯುವವನಿಗೆ ಮನುಷ್ಯರು ಕಾಣುವುದಿಲ್ಲ ಎಂಬುದು ಅವರ ವಾದ. ಬರೆದ ಮೇಲೆ ಪೂರ್ತಿ ವರದಿಯನ್ನು ಆ ಮನುಷ್ಯರಿಗೇ ಓದಿ ತೋರಿಸಬೇಕು. ಓದುತ್ತ ಓದುತ್ತ, ಅವರೆದುರಿಗೇ, ಪಟ್ಟಿ ಅಂಟಿಸಿದ ಆ ಬಟನ್ ಒತ್ತಿ ಹೆಸರು ತೆಗೆಯಬೇಕು. ಅವರು ಹ್ಞೂಂ ಎಂದ ಮೇಲೆ ಕಳಿಸಬೇಕು. ಕಳಿಸುವುದೂ ಆ ಮೊಬೈಲಿನಲ್ಲಿ ಸುಲಭವಿರಲಿಲ್ಲ. ಒಂದು ಕಡೆ ತೆರೆದು, ಕೆಳಗಿಳಿದು, ಮತ್ತೊಂದು ಕಡೆ ಒತ್ತಬೇಕಿತ್ತು. ಕೈತಪ್ಪಿ ಏನೂ ಹೋಗುವಂತಿರಲಿಲ್ಲ. ನಮ್ಮ ಕೈ ಸೇರುವಷ್ಟರಲ್ಲಿ ಅವರ ಸುದ್ದಿ ಒಂದು ದಿನ ತಡವಾಗಿರುತ್ತಿತ್ತು. ತಡವಾಯಿತೆಂದು ನಮ್ಮ ಮ್ಯಾನೇಜರ್ ಗೊಣಗುತ್ತಿದ್ದರು. ತಪ್ಪಾಯಿತೆಂದು ಓದುಗರು ಯಾರೂ ಗೊಣಗಿದ್ದು ನನಗೆ ನೆನಪಿಲ್ಲ.

ಹಾಗಿದ್ದಲ್ಲಿಗೆ ಆ್ಯಪ್ ಬಂತು. ವರದಿಗಾರರೆಲ್ಲ ಗಾಜಿನ ಮೊಬೈಲಿನಲ್ಲಿ ಕನ್ನಡದಲ್ಲೇ ಬರೆದು ಒತ್ತಬೇಕು. ಒತ್ತಿದ್ದು ನೇರವಾಗಿ ವೆಬ್‌ಸೈಟಿಗೆ, ಅಲ್ಲಿಂದ ಮುದ್ರಣದ ಪುಟಕ್ಕೆ. ನಡುವೆ ಓದಿ ನೋಡಲು ಯಾರೂ ಬೇಡ. ನನ್ನನ್ನು ಮದುವೆ, ಗೃಹಪ್ರವೇಶದ ಜಾಹೀರಾತು ಪುಟಕ್ಕೆ ಹಾಕಿದರು. ಬಟನ್ ಮೊಬೈಲಿಗೆ ಆ್ಯಪ್ ಇಳಿಯುವುದಿಲ್ಲ, ಆ್ಯಪ್ ಇಲ್ಲದವರು ಇನ್ನು ನಮ್ಮ ವರದಿಗಾರರಲ್ಲ ಎಂದು ಒಂದು ಸಾಲಿನ ಆದೇಶ ಹೊರಟಿತು.

ಭಾಲ್ಕಿಯಲ್ಲಿ ತರಬೇತಿ ಇಟ್ಟರು. ಮುಖ್ಯ ಕಚೇರಿಯಿಂದ ಬಂದ ತರಬೇತುದಾರರು ಗೋಡೆಯ ಮೇಲೆ ಚಿತ್ರ ಬಿಟ್ಟು ಬೆರಳು ಸವರುವುದು ಹೇಗೆ ಎಂದು ತೋರಿಸಿದರು. ಎಲ್ಲ ಮುಗಿದ ಮೇಲೆ ಇವರು ಎದ್ದು ನಿಂತರು.

‘ಒಂದು ಮಾತು ಕೇಳ್ತೇನಿರಿ. ತಪ್ಪಿ ಕೈ ಹತ್ತಿ ಹೋದ್ರ ವಾಪಸ್ ಹ್ಯಾಂಗ ತಗೋಬೇಕು?’

‘ಯಾಕ್ ಸಾರ್ ತಪ್ಪುತ್ತೆ? ಎಷ್ಟು ಸಿಂಪಲ್ ಆಗಿದೆ ನೋಡಿ, ಎಂಥವರಿಗೂ ಬರುತ್ತೆ.’

‘ಅದು ಖರೇರಿ. ಆದ್ರೂ ಹೋದ್ರ?’

ಸಭೆ ನಕ್ಕಿತು. ಅಜ್ಜನಿಗೆ ಅರಿವೆ ಚಿಂತೆ ಎಂದ ಒಬ್ಬ. ತರಬೇತುದಾರರು ನಗುತ್ತಲೇ ಮುಂದಿನ ಚಿತ್ರಕ್ಕೆ ಹೋದರು. ಆ ಪ್ರಶ್ನೆಗೆ ಉತ್ತರ ಯಾರ ಬಳಿಯೂ ಇರಲಿಲ್ಲ, ಯಾಕೆಂದರೆ ಆ್ಯಪ್ ಮಾಡಿದವರು ಅದನ್ನು ಯೋಚಿಸಿಯೇ ಇರಲಿಲ್ಲ. ಅಷ್ಟು ಜನರ ನಡುವೆ ಕೆಲಸದ ಪ್ರಶ್ನೆ ಕೇಳಿದವರು ಒಬ್ಬರೇ, ಗೇಲಿ ಆದದ್ದೂ ಅವರದೇ. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹೊಸ ಮೊಬೈಲ್ ಕೊಳ್ಳಲು ಬೀದರದ ಅಂಗಡಿಗೆ ನಾನೇ ಜೊತೆಗೆ ಹೋಗಿದ್ದೆ. ಅಂಗಡಿಯವರು ಒಂದರ ಮೇಲೊಂದು ತೆಗೆದಿಟ್ಟರು. ಇವರು ಪ್ರತಿಯೊಂದನ್ನೂ ಹಿಡಿದು, ಎದುರಿಗೆ ನಿಂತ ನನ್ನ ಮುಖ ನೋಡುತ್ತ ಗಾಜಿನ ಮೇಲೆ ಹೆಬ್ಬೆರಳು ಆಡಿಸುವರು. ಆಮೇಲೆ ಪರದೆ ನೋಡುವರು. ಅಲ್ಲಿ ಏನೇನೋ ತೆರೆದುಕೊಂಡಿರುತ್ತಿತ್ತು.

‘ಬೆರಳಿಗೆ ಏನೂ ಹತ್ತೋದಿಲ್ಲಲ್ರಿ ಇದರಾಗ. ಕುರುಡ ಗ್ವಾಡಿ ಸವರಿದಂಗ ಆಗ್ತದ’ ಎಂದರು.

‘ನೋಡಿ ಒತ್ತಬೇಕ್ರಿ ಚಾಚಾ. ಎಲ್ಲಾರೂ ನೋಡೇ ಒತ್ತತಾರ. ಆದತ್ ಆಗ್ತದ, ರೂಢಿ ಬೀಳ್ತದ’ ಎಂದರು ಅಂಗಡಿಯವರು, ಒಳ್ಳೆಯ ಮನಸ್ಸಿನಿಂದಲೇ.

‘ನಾ ಇದನ್ನ ನೋಡಿದ್ರ ಮಂದಿನ್ನ ಯಾರು ನೋಡಬೇಕು?’

ಅಂಗಡಿಯವರು ನನ್ನ ಕಡೆ ನೋಡಿದರು. ನಾನು ಗಾಜಿನ ಮೊಬೈಲಿನ ವೈರಿಯಲ್ಲ, ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಚಪ್ಪಲಿ ಬದಲಿಸು ಎಂದರೆ ಯಾರು ಬೇಕಾದರೂ ಬದಲಿಸುತ್ತಾರೆ. ಇವರಿಗೆ ಹೇಳಿದ್ದು ಕಾಲನ್ನೇ ಬದಲಿಸು ಎಂದು, ಅದೂ ಈ ತಿಂಗಳೊಳಗೆ. ನೀವು ಹೇಗೆ ಬರೆಯುತ್ತೀರಿ, ಯಾಕೆ ಹಾಗೆ ಬರೆಯುತ್ತೀರಿ ಎಂದು ಆ ದೊಡ್ಡ ಕಚೇರಿಯಲ್ಲಿ ಒಬ್ಬರಾದರೂ ಕೇಳಲಿಲ್ಲ. ಅವರು ಮೊಬೈಲ್ ಕೊಂಡರು. ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತೇನೆ ಎಂದು ಅಂಗಡಿಯವರು ಹೇಳಿದಾಗ ಅದನ್ನು ಅಂಗಿಯ ಒಳಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡರು.

ಅವರು ಪ್ರಯತ್ನ ಮಾಡಲಿಲ್ಲ ಎನ್ನುವವರಿಗೆ ನನ್ನ ಧಿಕ್ಕಾರವಿರಲಿ. ಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಅವರು ಹೇಳಿದ ಅಡುಗೆ, ಔಷಧಿ, ಬೀಗರ ಸುದ್ದಿಯನ್ನೆಲ್ಲ ಒತ್ತಿ ಒತ್ತಿ ಕಲಿತರು. ‘ನನಗ ಈ ಮನ್ಯಾಗ ಎಂದೂ ಇಷ್ಟು ಮಾತಾಡಲಿಕ್ಕ ಕೊಟ್ಟಿದ್ದಿಲ್ಲರಿ’ ಎಂದು ಆ ತಾಯಿ ನಗುತ್ತಿದ್ದರು. ಕಲಿತೂ ಬಿಟ್ಟರು. ಆದರೆ ಗಾಜನ್ನು ನೋಡಿಕೊಂಡೇ ಒತ್ತಬೇಕಾಗಿತ್ತು.

ಆಮೇಲೆ ನಡೆದದ್ದು ಇದು. ಠಾಣಾ ಕುಶನೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳೊಬ್ಬಳು ಇವರಿಗೆ ಹೇಳಿ ಕಳಿಸಿದಳು. ಹೋದರು. ಶಾಲೆಗೆ ಬರುವ ತೊಗರಿ ಬೇಳೆಯಲ್ಲಿ ಹುಳ. ಹೇಳಿದರೆ ತೊಳೆದು ಬೇಯಿಸು ಎನ್ನುತ್ತಾರೆ. ಮಕ್ಕಳ ತಟ್ಟೆಗೆ ಅದನ್ನು ಬಡಿಸಲು ಅವಳಿಗೆ ಮನಸ್ಸು ಬರುತ್ತಿಲ್ಲ. ‘ನನ್ನ ಹೆಸರ ಮಾತ್ರ ಬರಬಾರದ್ರಿ ಕಾಕಾ. ಈ ಕೆಲಸದ ಮ್ಯಾಲೇ ನಮ್ಮ ಮನಿ ನಿಂತದ’ ಎಂದಿದ್ದಳು. ಬರುವುದಿಲ್ಲ ಎಂದು ಇವರು ಮಾತು ಕೊಟ್ಟರು. ಗಾಜು ನೋಡುತ್ತ, ತಡೆದು ತಡೆದು, ಅಭ್ಯಾಸದಂತೆ ಅವಳ ಹೆಸರು, ಊರು ಎಲ್ಲ ಹಾಕಿ ಬರೆದುಕೊಂಡರು. ಮುಗಿಯುವಷ್ಟರಲ್ಲಿ ಬಸ್ಸು ಬಂತು. ನಾಳೆ ಬಂದು ಓದಿ ತೋರಿಸುತ್ತೇನೆ ಎಂದು ಹತ್ತಿದರು.

ಬಸ್ಸಿನಲ್ಲಿ ಕೂತು ಒಂದೆರಡು ಸಾಲು ತಿದ್ದುತ್ತಿದ್ದರು. ರಸ್ತೆಯ ತಗ್ಗಿಗೆ ಬಸ್ಸು ಎತ್ತಿ ಹಾಕಿತು, ಹೆಬ್ಬೆರಳು ಎಲ್ಲಿಗೋ ತಗುಲಿತು. ನೋಡಿದರೆ ಹಸಿರು ಗುರುತು ಬಂದು, ಸುದ್ದಿ ಹೋಗಿದೆ ಎಂದು ತೋರಿಸುತ್ತಿತ್ತು. ಮುಂದಿನ ಊರಿನಲ್ಲಿ ಇಳಿದು ನನಗೆ ಫೋನ್ ಮಾಡಿದರು. ಆ ಧ್ವನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

‘ತಂಗೀ, ಆಕಿ ಹೆಸರ ಹೋಗ್ಯಾದ. ತೆಗಿಸು. ಏನರೆ ಮಾಡಿ ತೆಗಿಸು.’

ಮ್ಯಾನೇಜರ್ ಕೋಣೆಗೆ ಓಡಿದೆ. ತೆಗೆಯುವ ಅಧಿಕಾರ ನಮಗಿಲ್ಲ, ಮುಖ್ಯ ಕಚೇರಿಗೆ ದೂರು ದಾಖಲಿಸಿ ಎಂದರು. ದಾಖಲಿಸಿದೆ. ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಹಾಡು ಹಾಕಿದರು. ಯಾರೋ ಕೊನೆಗೆ ಎತ್ತಿ, ನೋಟ್ ಮಾಡಿಕೊಂಡಿದ್ದೇವೆ ಎಂದರು. ಒಬ್ಬ ಹೆಣ್ಣುಮಗಳ ಹೊಟ್ಟೆಯ ಪ್ರಶ್ನೆ, ದಯವಿಟ್ಟು ಈಗಲೇ ತೆಗೆಯಿರಿ ಎಂದು ಅಂಗಲಾಚಿದೆ. ನೋಟ್ ಮಾಡಿಕೊಂಡಿದ್ದೇವೆ ಮೇಡಂ ಎಂದು ಮತ್ತೆ ಹೇಳಿದರು. ಅಷ್ಟರಲ್ಲಿ ಅದು ಆ ಹಳ್ಳಿಯ ಎಲ್ಲ ಮೊಬೈಲಿಗೂ ಹಂಚಿಹೋಗಿತ್ತು. ಮರುದಿನ ಮುದ್ರಣದ ಪುಟದಲ್ಲೂ ಹೆಸರಿನ ಸಮೇತ ಬಂತು. ವೆಬ್‌ಸೈಟಿನಿಂದ ಹೆಸರು ತೆಗೆದದ್ದು ಆ ಮಧ್ಯಾಹ್ನ. ಅವಳನ್ನು ಅಡುಗೆ ಕೋಣೆಯ ಬಾಗಿಲಲ್ಲಿ ತಡೆದು ಮನೆಗೆ ಕಳಿಸಿದ್ದು ಆ ಬೆಳಿಗ್ಗೆ.

ಭಾನುವಾರ ಅವರು, ಅವರ ಹೆಂಡತಿ, ನಾನು ಮೂವರೂ ಅವಳ ಮನೆಗೆ ಹೋದೆವು. ಬೈಯುತ್ತಾಳೆಂದು ಮೈ ಗಟ್ಟಿ ಮಾಡಿಕೊಂಡಿದ್ದೆವು. ಅವಳು ನೀರು ಕೊಟ್ಟು ಚಾಪೆ ಹಾಸಿದಳು. ಇವರು ಕೂರಲಿಲ್ಲ. ಅಷ್ಟು ಎತ್ತರದ ಮನುಷ್ಯ ಅವಳ ಗಿಡ್ಡ ಬಾಗಿಲಿನಲ್ಲಿ ಬಗ್ಗಿಕೊಂಡೇ ನಿಂತು, ‘ತಪ್ಪು ನಂದವ್ವ’ ಎಂದರು.

‘ನೀವು ಆವತ್ತ ನನ್ನ ಮಾರೀನೇ ನೋಡ್ಲಿಲ್ಲರಿ ಕಾಕಾ. ಕೈಯಾಗಿಂದೇ ನೋಡಕೋತ ಕುಂತಿದ್ರಿ. ನಾ ಹೇಳಬಾರದಿತ್ತು ಅಂತ ಆವಾಗೇ ಅನಸ್ತು’ ಎಂದಳು ಅವಳು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅವರ ಹೆಂಡತಿಯೇ ಹೇಳಿದರು: ‘ಆಸ್ಪತ್ರ್ಯಾಗ ನಮ್ಮ ಕೈಲೆ ತಪ್ಪಾದ್ರ ಮೊದಲ ರೋಗಿನ್ನ ನೋಡಕೋತೀವಿ. ಯಾರ ತಪ್ಪು ಅಂತ ಆಮ್ಯಾಲ. ಮೊದಲ ಆಕಿ ಕೆಲಸ ನೋಡ್ರಿ.’

ಅವರು ನೋಡಿದರು. ಪತ್ರಿಕೆ ಒಂದು ಸಾಲು ಹಾಕಲಿ, ಹೆಸರು ಬೇಡವೆಂದು ಅವಳು ಹೇಳಿದ್ದರೂ ನಮ್ಮಿಂದ ತಪ್ಪಾಗಿದೆ ಎಂದು ಒಪ್ಪಿಕೊಳ್ಳಲಿ ಎಂದು ಮ್ಯಾನೇಜರ್ ಎದುರು ನಿಂತು ಕೇಳಿದರು. ಸಂಸ್ಥೆಯ ಮರ್ಯಾದೆ ಏನಾಗಬೇಕು ಎಂದರು ಮ್ಯಾನೇಜರ್. ಒಂದು ಕಲ್ಲಿನ ಕಟ್ಟಡಕ್ಕೆ ಇರುವ ಮರ್ಯಾದೆ ಆ ಹೆಣ್ಣುಮಗಳಿಗೆ ಇರಲಿಲ್ಲ! ಆಮೇಲೆ ಇವರು ಔರಾದಿನ ಶಿಕ್ಷಣ ಇಲಾಖೆಯ ಕಚೇರಿಗೆ ಅಲೆಯತೊಡಗಿದರು. ಸಾಹೇಬರು ಬರುವ ಮೊದಲೇ ಹೋಗಿ ಬೆಂಚಿನ ಮೇಲೆ ಕೂರುವುದು, ಬಂದರೆ ಎದ್ದು ನಿಲ್ಲುವುದು. ತಾಲ್ಲೂಕಿನ ಅಧಿಕಾರಿಗಳೆಲ್ಲ ಹೆದರುತ್ತಿದ್ದ ಮನುಷ್ಯ ಬೆಂಚಿನ ಮೇಲೆ ಕೂತಿರುವುದನ್ನು ಕೆಲವರು ಬೇಕೆಂದೇ ನೋಡಿ ಹೋಗುತ್ತಿದ್ದರಂತೆ. ಒಬ್ಬ ಸಾಹೇಬರು ಮಾತ್ರ ಒಳಗೆ ಕರೆದು ಕೂರಿಸಿದರು. ತಪ್ಪು ನನ್ನದೆಂದು ಬರೆದುಕೊಡುತ್ತೇನೆ, ಅವಳಿಗೆ ಕೆಲಸ ಕೊಡಿ ಎಂದರು ಇವರು.

‘ತಪ್ಪು ನಿಮ್ಮದು ಅಂತ ಬರಕೊಟ್ರ ನಿಮ್ಮ ಕೆಲಸ ಹೋಗ್ತದಲ್ರಿ ಕಾಕಾ?’

‘ಹೋಗಲ್ರಿ. ಆಕಿಗಿ ಕೊಟ್ಟ ಮಾತು ನಂದು. ಪೇಪರಿಂದಲ್ಲ.’

ಬರೆದುಕೊಟ್ಟರು. ಅನುಮತಿ ಇಲ್ಲದೆ ತಪ್ಪೊಪ್ಪಿಕೊಂಡಿದ್ದಾರೆ ಎಂದು ಪತ್ರಿಕೆ ಅವರನ್ನು ತೆಗೆಯಿತು. ಹೊಸ ಮೊಬೈಲ್ ಹಿಡಿಯಲು ಬರಲಿಲ್ಲ ಎಂಬ ಕಥೆ ಹುಟ್ಟಿದ್ದು ಆ ದಿನವೇ, ಹುಟ್ಟಿದ್ದು ನಮ್ಮ ಕಚೇರಿಯಲ್ಲೇ. ಆ ಹೆಣ್ಣುಮಗಳನ್ನು ಅದೇ ಶಾಲೆ ಮತ್ತೆ ಸೇರಿಸಿಕೊಳ್ಳಲಿಲ್ಲ. ಬೇಳೆ ಮಾತ್ರ ಬದಲಾಯಿತು. ಆದರೆ ಆ ಸಾಹೇಬರ ಒಂದು ಮಾತಿನಿಂದ ಬೇರೆ ತಾಲ್ಲೂಕಿನ ಒಂದು ಊರಿನಲ್ಲಿ ಅವಳಿಗೆ ಅಡುಗೆಯ ಕೆಲಸ ಸಿಕ್ಕಿತು. ಊರು ಯಾವುದೆಂದು ಹೇಳುವುದಿಲ್ಲ. ಅಲ್ಲಿ ಅವಳು ಯಾರೆಂದು ಗೊತ್ತಿಲ್ಲದ್ದರಿಂದಲೇ ಅವಳ ಕೆಲಸ ಉಳಿದಿದೆ.

ಅವಳಿಗೆ ಕೆಲಸ ಸಿಕ್ಕ ಸುದ್ದಿಯನ್ನು ಅವರು ನನಗೆ ತಿಳಿಸಿದ್ದು ಹಳೆಯ ಬಟನ್ ಮೊಬೈಲಿನಿಂದ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಅದಾದ ಮೇಲೆ ಅವರು ಏನೂ ಬರೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಚರ್ಚಿಗೆ ಹೊರಡಲು ಅಂಗಿ ಹಾಕಿಕೊಳ್ಳುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಹೆಂಡತಿ ಕೈಯಲ್ಲಾದದ್ದನ್ನೆಲ್ಲ ಮಾಡಿದರು, ಉಳಿಯಲಿಲ್ಲ.

ಬದುಕಿದ್ದಾಗ ಹೊರಹಾಕಿದ ಪತ್ರಿಕೆ ಸತ್ತ ಮೇಲೆ ಬೀದರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿತು. ನಾನು ಹೋಗುವಷ್ಟರಲ್ಲಿ ಮ್ಯಾನೇಜರ್ ಮೈಕಿನ ಮುಂದಿದ್ದರು. ಅವರು ನಮ್ಮ ಸಂಸ್ಥೆಯ ಆಸ್ತಿ, ಕಾಲಕ್ಕೆ ತಕ್ಕಂತೆ ಬದಲಾಗಲು ಕಷ್ಟಪಟ್ಟರೂ ಅವರ ವರದಿಗಳು ಎಂಥ ಬದಲಾವಣೆ ತಂದವು ನೋಡಿ ಎಂದು ಹಿಂದಕ್ಕೆ ಕೈ ತೋರಿಸಿದರು. ಹಿಂದೆ ಒಂದು ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಒಂದು ಬದಿಗೆ ಅವರ ಫೋಟೋ. ಇನ್ನೊಂದು ಬದಿಗೆ ‘ನಮ್ಮ ವರದಿಯ ಫಲ’ ಎಂಬ ತಲೆಬರಹ, ಅದರ ಕೆಳಗೆ ಬೇಳೆಯ ಹುಳದ ಆ ವರದಿಯನ್ನು ಪುಟದಿಂದ ಹಾಗೇ ಎತ್ತಿ ಹಿಗ್ಗಿಸಿ ಹಾಕಿದ್ದರು. ಅವಳ ಹೆಸರು, ಅವಳ ಊರು, ಬೆರಳುದ್ದದ ಅಕ್ಷರಗಳಲ್ಲಿ. ಎದುರಿಗೆ ಒಬ್ಬರು ಸಭೆಯನ್ನು ನೇರಪ್ರಸಾರ ಮಾಡಲು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದರು.

ನಾನು ಯೋಚಿಸಲಿಲ್ಲ. ನೇರ ವೇದಿಕೆ ಹತ್ತಿ ಬಲಗಡೆಯ ಹಗ್ಗಕ್ಕೆ ಕೈ ಹಾಕಿದೆ. ಗಂಟು ಬಿಚ್ಚಿತು, ಫ್ಲೆಕ್ಸಿನ ಒಂದು ಮೂಲೆ ಜೋಲಿತು.

‘ಏನ್ ಮಾಡ್ಲಿಕತ್ತೀರಿ ಮೇಡಂ? ಹಿರಿಯರ ಫೋಟೋ ಅದ ಅದರಾಗ! ಸತ್ತವರಿಗಿ ಹಿಂಗ ಅವಮಾನ ಮಾಡ್ತಾರೇನು?’ ಎಂದು ಮ್ಯಾನೇಜರ್ ಮೈಕಿನಲ್ಲೇ ಕೂಗಿದರು. ಸಭೆಯಲ್ಲಿ ಗದ್ದಲವೆದ್ದಿತು. ಯಾರೋ ನನ್ನ ತೋಳು ಹಿಡಿದು ಎಳೆದರು. ಎಡಗಡೆಯ ಗಂಟನ್ನು ಕಿಟಕಿಯ ಮೇಲಿನ ಸರಳಿಗೆ ಕಟ್ಟಿದ್ದರು, ನನ್ನ ಕೈಗೆ ಎಟುಕುತ್ತಿರಲಿಲ್ಲ.

ಆಗ ಮುಂದಿನ ಸಾಲಿನಲ್ಲಿ ಬಿಳಿ ಸೀರೆ ಉಟ್ಟು ಕೂತಿದ್ದ ಅವರ ಹೆಂಡತಿ ಎದ್ದರು. ತಾವು ಕೂತಿದ್ದ ಕುರ್ಚಿಯನ್ನೇ ಎಳೆದುಕೊಂಡು ವೇದಿಕೆಗೆ ಬಂದರು. ಅದರ ಮೇಲೆ ಹತ್ತಿ, ಚೀಲದಿಂದ ಸಣ್ಣ ಕತ್ತರಿ ತೆಗೆದು ಹಗ್ಗ ಕತ್ತರಿಸಿದರು. ಫ್ಲೆಕ್ಸ್ ನೆಲಕ್ಕೆ ಬಿತ್ತು. ಅವರು ಇಳಿದು, ಗಂಡನ ಮುಖವೂ ಆ ಹೆಸರೂ ಒಳಗಾಗುವಂತೆ ಅದನ್ನು ಮಡಿಚತೊಡಗಿದರು. ಒಂದು ತುದಿ ನಾನು ಹಿಡಿದೆ. ಆಮೇಲೆ ಅವರು ಮ್ಯಾನೇಜರ್ ಮುಖವನ್ನೇ ನೋಡುತ್ತ ಹೇಳಿದರು:

‘ಅವರ ಫೋಟೋ ನಮ್ಮ ಮನ್ಯಾಗ ಭಾಳ ಅದಾವರಿ. ಈ ಹೆಸರ ನಾ ನಿಮ್ಮ ಕೈಯಾಗ ಬಿಟ್ಟು ಹೋಗೋದಿಲ್ಲ.’